ಕುಲುಮೆಯಿಂದ ಆರ್ಗಾನ್‌ವರೆಗೆ: ಕಡಲಂಚಿನ ಸೈಲೆನ್ಸರ್ ಬೆಸುಗೆ

ಮೋಟಾರು ಕಾರಿನಲ್ಲಿ ಎಲ್ಲಕ್ಕಿಂತ ಮೊದಲು ತುಕ್ಕಿಗೆ ಬಲಿಯಾಗುವ ಭಾಗ ಸೈಲೆನ್ಸರ್. ಇಂಜಿನ್ನಿಗೆ ಬಿಗಿದಿರುವ ಎರಕದ ಮ್ಯಾನಿಫೋಲ್ಡ್, ಅಲ್ಲಿಂದ ಕೆಳಗಿಳಿದು ಹಿಂದಕ್ಕೆ ತಿರುಗುವ ಬೆಂಡ್ ಪೈಪು, ನಡುವೆ ಸದ್ದು ನುಂಗುವ ಡಬ್ಬಿ, ಕೊನೆಯಲ್ಲಿ ಹೊಗೆ ಬಿಡುವ ಪೈಪು, ಇವಿಷ್ಟನ್ನೂ ಗ್ಯಾರೇಜಿನವರು ಕರೆಯುವುದು ಈ ಒಂದೇ ಹೆಸರಿನಿಂದ. ಬಯಲುಸೀಮೆಯ ಒಣ ಹವೆಯಲ್ಲಿ ಸಾದಾ ಉಕ್ಕಿನ ಸೈಲೆನ್ಸರ್ ಹಲವು ವರ್ಷ ಬಾಳುತ್ತದೆ. ಭಟ್ಕಳ, ಹೊನ್ನಾವರ, ಕುಮಟಾದ ಕಡಲಂಚಿನಲ್ಲಿ ಅದಕ್ಕೆ ಅಷ್ಟು ಆಯುಷ್ಯವಿಲ್ಲ. ತೂತು ಬಿದ್ದ ಪೈಪಿಗೆ ತೇಪೆ ಹಾಕುವುದು, ಕೊಳೆತ ಭಾಗ ಕೊಯ್ದು ಹೊಸ ತುಂಡು ಕೂಡಿಸುವುದು, ಡಬ್ಬಿಯನ್ನೇ ತಗಡಿನಿಂದ ಕಟ್ಟುವುದು ಈ ಮೂರು ಊರುಗಳಲ್ಲಿ ನಿತ್ಯದ ಕೆಲಸವಾದದ್ದಕ್ಕೆ ಇಲ್ಲಿನ ಮಳೆ ಮತ್ತು ಉಪ್ಪುಗಾಳಿಯೇ ಮೊದಲ ಕಾರಣ.

ತುಕ್ಕು ಹೊರಗಿನಿಂದ ಮಾತ್ರ ಹಿಡಿಯುತ್ತದೆ ಎಂಬ ನಂಬಿಕೆ ತಪ್ಪು. ಪೆಟ್ರೋಲ್ ಉರಿದಾಗ ಅದರ ಜಲಜನಕ ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಇಂಜಿನ್ ಕಾದಿರುವಾಗ ಆ ನೀರು ಆವಿಯಾಗಿ ಹೊರಬೀಳುತ್ತದೆ. ಪೈಪು ತಣ್ಣಗಿದ್ದಾಗ ಒಳಗೋಡೆಯ ಮೇಲೆ ಬೆವರಿನಂತೆ ಹನಿಯುತ್ತದೆ. ಇಂಧನದಲ್ಲಿದ್ದ ಗಂಧಕವೂ ಉರಿಯ ಬಿಸಿಯಲ್ಲಿ ಹುಟ್ಟಿದ ಸಾರಜನಕದ ಆಕ್ಸೈಡುಗಳೂ ಆ ಹನಿಯಲ್ಲಿ ಕರಗಿ ಅದನ್ನು ಹುಳಿ ನೀರಾಗಿ ಮಾಡುತ್ತವೆ. ಅದು ಇಳಿದು ನಿಲ್ಲುವುದು ಡಬ್ಬಿಯ ತಳದಲ್ಲಿ ಮತ್ತು ಪೈಪಿನ ತಗ್ಗಿನಲ್ಲಿ. ಆದ್ದರಿಂದಲೇ ಡಬ್ಬಿಯ ಮೇಲ್ಭಾಗ ಗಟ್ಟಿಯಿದ್ದು ಕೆಳಭಾಗ ಜರಡಿಯಾಗಿರುವುದು ಸಾಮಾನ್ಯ ನೋಟ. ಹಲವು ತಯಾರಕರು ಡಬ್ಬಿಯ ಅಡಿಯಲ್ಲಿ ಎರಡು ಮೂರು ಮಿಲಿಮೀಟರಿನ ಸಣ್ಣ ರಂಧ್ರ ಬಿಟ್ಟಿರುವುದು ಈ ನೀರು ಸೋರಿಹೋಗಲೆಂದೇ. ಅದನ್ನು ತೂತೆಂದು ತಿಳಿದು ಬೆಸುಗೆ ಹಾಕಿ ಮುಚ್ಚಿದರೆ ಒಳ್ಳೆಯ ಡಬ್ಬಿಯೂ ಬೇಗ ಹಾಳಾಗುತ್ತದೆ.

ಹೊರಗಿನ ದಾಳಿ ಕಡಲಿನದು. ಕುಮಟಾ ತಾಲೂಕಿನ ಧಾರೇಶ್ವರ, ಹೊನ್ನಾವರದ ಕಾಸರಕೋಡು, ಭಟ್ಕಳ ತಾಲೂಕಿನ ಮುರ್ಡೇಶ್ವರದ ಆಸುಪಾಸಿನಲ್ಲಿ ರಸ್ತೆಗೂ ಕಡಲಿಗೂ ಅಂತರ ಕಡಿಮೆ. ಅಲೆಯ ತುಂತುರಿನಿಂದ ಎದ್ದ ಉಪ್ಪು ಗಾಳಿಯಲ್ಲಿ ತೇಲಿ ಬಂದು ಕಬ್ಬಿಣದ ಮೇಲೆ ಕೂರುತ್ತದೆ. ಉಪ್ಪು ತೇವವನ್ನು ಎಳೆದುಕೊಳ್ಳುವ ವಸ್ತುವಾದ್ದರಿಂದ ಮಳೆಯಿಲ್ಲದ ದಿನವೂ ಲೋಹ ಪೂರ್ತಿ ಒಣಗುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯಲ್ಲಿ ಕೆಂಪು ಮಣ್ಣಿನ ರಾಡಿ ಕಾರಿನ ಅಡಿಗೆ ಮೆತ್ತಿಕೊಂಡು ಒದ್ದೆ ಬಟ್ಟೆಯಂತೆ ವಾರಗಟ್ಟಲೆ ಅಲ್ಲೇ ಇರುತ್ತದೆ. ಕಾದ ಪೈಪಿಗೆ ತಣ್ಣೀರು ಎರಚಿದಾಗಲೆಲ್ಲ ತುಕ್ಕಿನ ಪೊರೆ ಸಿಡಿದು ಕೆಳಗಿನ ಹೊಸ ಲೋಹ ಮತ್ತೆ ಗಾಳಿಗೆ ಒಡ್ಡಿಕೊಳ್ಳುತ್ತದೆ.

ಇದರಲ್ಲಿ ಓಡಾಟದ ರೀತಿಗೂ ಪಾಲಿದೆ. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎರಡು ಮೂರು ಕಿಲೋಮೀಟರ್ ಓಡುವ ಕಾರಿನ ಸೈಲೆನ್ಸರ್ ಒಮ್ಮೆಯೂ ಸರಿಯಾಗಿ ಕಾಯುವುದಿಲ್ಲ. ಹಿಂಬದಿಯ ಡಬ್ಬಿಯಲ್ಲಂತೂ ನೀರು ಕುಲುಕುತ್ತಲೇ ಇರುತ್ತದೆ. ಅದೇ ಕಾರು ಆಗಾಗ ದೇವಿಮನೆ ಘಟ್ಟ ಹತ್ತಿ ಶಿರಸಿಗೋ, ಗೇರುಸೊಪ್ಪೆಯ ಮೇಲೆ ಜೋಗದ ಕಡೆಗೋ ಹೋದರೆ ಏರಿನ ಭಾರಕ್ಕೆ ಪೈಪು ಉದ್ದಕ್ಕೂ ಕಾದು ಒಳಗಿನ ನೀರೆಲ್ಲ ಆರಿಹೋಗುತ್ತದೆ. ಹಳೆಯ ಸ್ಪೋರ್ಟ್ಸ್ ಕಾರಿಗೆ ಕಷ್ಟ ಹೆಚ್ಚು ಎನ್ನುವುದು ಈ ಕಾರಣಕ್ಕೆ. ಅದು ಹೆಚ್ಚು ದಿನ ಶೆಡ್ಡಿನಲ್ಲೇ ನಿಂತಿರುತ್ತದೆ, ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿ ನಿಲ್ಲಿಸಲಾಗುತ್ತದೆ. ಆ ಐದು ನಿಮಿಷದಲ್ಲಿ ಹುಟ್ಟಿದ ನೀರು ಮುಂದಿನ ವಾರದವರೆಗೂ ಒಳಗೇ ಉಳಿಯುತ್ತದೆ.

ಕಬ್ಬಿಣಕ್ಕೂ ಕಡಲಿಗೂ ಆಗಿಬರದು ಎಂಬುದು ಪಶ್ಚಿಮ ಕರಾವಳಿಗೆ ಮೋಟಾರಿಗಿಂತ ಬಹಳ ಹಿಂದೆಯೇ ತಿಳಿದಿದ್ದ ಸಂಗತಿ. ಹೊನ್ನಾವರವನ್ನು ಕಂಡು ಬರೆದ ಪ್ರವಾಸಿ ಇಬ್ನ್ ಬತೂತ ಈ ಸಮುದ್ರದ ಹಡಗುಗಳ ಹಲಗೆಗಳನ್ನು ಮೊಳೆಯ ಬದಲು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದುದನ್ನು ದಾಖಲಿಸಿದ್ದಾನೆ. ಅವನು ಕೊಡುವ ಕಾರಣ ತುಕ್ಕಲ್ಲ, ಬಂಡೆಗೆ ತಾಗಿದರೂ ಹೊಲಿದ ಹಡಗು ಬಳುಕಿ ಉಳಿಯುತ್ತದೆ ಎಂಬುದು. ಆದರೆ ಉಪ್ಪುನೀರಿನಲ್ಲಿ ಮೊಳೆಯ ಗತಿ ಏನಾಗುತ್ತದೆಂದು ಬಲ್ಲವರಿಗೆ ನಾರಿನ ಹೊಲಿಗೆಯ ಇನ್ನೊಂದು ಲಾಭವೂ ಕಾಣುತ್ತದೆ.

ನೆಲದ ಮೇಲೆ ಕಬ್ಬಿಣವಿಲ್ಲದೆ ನಡೆಯುತ್ತಿರಲಿಲ್ಲ. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಆ ಹತ್ತಿಗೆ ಮುಂಬಯಿ ಮತ್ತು ಇಂಗ್ಲೆಂಡಿನ ಮಾರುಕಟ್ಟೆಗಳಲ್ಲಿ ಕುಮಟಾದ ಹೆಸರೇ ನಿಂತಿತು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬರ ಬಂದ ಕಾಲದಲ್ಲಿ ಈ ವ್ಯಾಪಾರ ಏರಿತು. ಮದರಾಸು ಪ್ರಾಂತದಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿಯ ಹಿತಾಸಕ್ತಿಯಿತ್ತು. ಬಂಡಿಯಿದ್ದಲ್ಲಿ ಕುಲುಮೆ ಇರಲೇಬೇಕು. ಮರದ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸಿ, ನೀರೆರೆದು ಬಿಗಿಸುವುದು ಆಚಾರಿಯ ಕೆಲಸ. ಕಾಯಿಸಿದರೆ ಲೋಹ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಮುಂದೆ ಹಿಡಿದು ಕೂತ ನಟ್ಟು ಬಿಚ್ಚುವಾಗ, ಪೈಪಿನೊಳಗೆ ಪೈಪು ಕೂರಿಸುವಾಗ ವೆಲ್ಡರುಗಳು ಬಳಸಿದ್ದು ಇದೇ ತಿಳಿವಳಿಕೆಯನ್ನು. ತಿದಿ, ಅಡಿಗಲ್ಲು, ಇಕ್ಕಳ, ಚಾಣ ಬಹುಕಾಲ ಎರಡೂ ಕಸುಬಿಗೆ ಒಂದೇ.

ಮೋಟಾರು ಬಂದಾಗ ಈ ಕರಾವಳಿಯ ದಾರಿ ಹೊಳೆಗಳಿಂದ ತುಂಡಾಗಿತ್ತು. ಸೇತುವೆ ಆಗುವ ಮುನ್ನ ಹೊನ್ನಾವರದಲ್ಲಿ ಶರಾವತಿಯನ್ನು ವಾಹನಗಳು ಜಂಗಲಿನ ಮೇಲೆ ದಾಟಬೇಕಿತ್ತು. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲಿಗೆ ಕಾರು ಹತ್ತಿಸುವಾಗ, ಇಳಿಸುವಾಗ ಅಳಿವೆಯ ಉಪ್ಪುನೀರು ಅಡಿಗೆ ತಾಗುವುದು ಸಹಜ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದು ದೇಶದ ಹಲವೆಡೆ ಬಸ್ಸು ಲಾರಿಗಳು ಇದ್ದಿಲಿನ ಅನಿಲದಿಂದ ಓಡಿದವು. ವಾಹನದ ಬೆನ್ನಿಗೆ ಕಟ್ಟಿದ ಇದ್ದಿಲ ಒಲೆ, ಅನಿಲ ಸೋಸುವ ಪೀಪಾಯಿ, ಕೊಳವೆಗಳು ಎಲ್ಲವೂ ತಗಡಿನವೇ. ಬಿಸಿಗೆ ಸುಟ್ಟು ತೆಳುವಾಗುವ ತಗಡಿಗೆ ಮೇಲಿಂದ ಮೇಲೆ ತೇಪೆ ಬೇಕಾಗುತ್ತಿತ್ತು. ಬಂಡಿ ಪಟ್ಟಿಯ ದಪ್ಪ ಕಬ್ಬಿಣದಲ್ಲಿ ಪಳಗಿದ ಕೈ ತೆಳು ತಗಡಿಗೆ ಒಗ್ಗಿಕೊಂಡದ್ದರಲ್ಲಿ ಈ ಕಾಲದ ಪಾಲು ಸಣ್ಣದಲ್ಲ.

ತೆಳು ತಗಡನ್ನು ಕುಲುಮೆಯಲ್ಲಿ ಬೆಸೆಯಲಾಗದು. ರಿವೆಟ್ ಹೊಡೆಯಬಹುದು, ಮಡಿಸಿ ತಟ್ಟಬಹುದು, ಹಿತ್ತಾಳೆ ಕರಗಿಸಿ ಹರಿಸಬಹುದು. ಸೈಲೆನ್ಸರ್ ಕೆಲಸಕ್ಕೆ ನಿಜವಾದ ತಿರುವು ತಂದದ್ದು ಗ್ಯಾಸ್ ವೆಲ್ಡಿಂಗ್. ಕ್ಯಾಲ್ಸಿಯಂ ಕಾರ್ಬೈಡಿನ ಕಲ್ಲಿಗೆ ನೀರು ತಾಗಿಸಿದರೆ ಅಸಿಟಿಲಿನ್ ಅನಿಲ ಏಳುತ್ತದೆ. ಅದನ್ನು ಸಿಲಿಂಡರಿನ ಆಮ್ಲಜನಕದೊಡನೆ ಉರಿಸಿದರೆ 3,000 ಡಿಗ್ರಿ ಸೆಲ್ಸಿಯಸ್ ದಾಟುವ ಜ್ವಾಲೆ ಸಿಗುತ್ತದೆ. ಇದಕ್ಕೆ ಕರೆಂಟು ಬೇಡ. ಮನೆಮನೆಗೆ ವಿದ್ಯುತ್ ತಲುಪದ ಕಾಲದಲ್ಲಿ ಅದು ದೊಡ್ಡ ಅನುಕೂಲ. ಜೋಗದ ವಿದ್ಯುದಾಗಾರ 1948ರಲ್ಲೇ ಚಾಲೂ ಆಯಿತಾದರೂ ಅದು ಮೈಸೂರು ಸಂಸ್ಥಾನದ್ದು. ಅದೇ ಶರಾವತಿಯ ದಂಡೆಯ ಹೊನ್ನಾವರ 1956ರ ನವೆಂಬರ್ 1ರವರೆಗೂ ಮುಂಬಯಿ ರಾಜ್ಯದಲ್ಲಿತ್ತು. ಕರೆಂಟಿನ ಆರ್ಕ್ ವೆಲ್ಡಿಂಗ್ ಬಂದ ಮೇಲೂ ಸೈಲೆನ್ಸರಿಗೆ ಗ್ಯಾಸನ್ನೇ ಮೆಚ್ಚುವವರಿದ್ದರು. 16 ಅಥವಾ 18 ಗೇಜಿನ ತಗಡೆಂದರೆ ಒಂದೂವರೆ ಮಿಲಿಮೀಟರಿನ ಆಸುಪಾಸು. ತುಕ್ಕು ತಿಂದ ಮೇಲೆ ಅದು ಇನ್ನೂ ತೆಳು. ಆರ್ಕಿನ ಕಿಡಿ ತಾಗಿದ ಕೂಡಲೇ ಅದು ಕರಗಿ ತೂತಾಗುತ್ತದೆ. ಗ್ಯಾಸಿನ ಜ್ವಾಲೆಯನ್ನಾದರೆ ಹಿಂದೆಮುಂದೆ ಆಡಿಸಿ ಬಿಸಿಯನ್ನು ಹತೋಟಿಯಲ್ಲಿಡಬಹುದು.

ಸ್ವಾತಂತ್ರ್ಯದ ನಂತರದ ಮೂರು ದಶಕಗಳಲ್ಲಿ ಕಾರಿನ ಆಯ್ಕೆ ಕೈಬೆರಳಲ್ಲಿ ಎಣಿಸುವಷ್ಟು. ಅಂಬಾಸಿಡರ್, ಮುಂಬಯಿಯ ಪ್ರೀಮಿಯರ್ ಕಂಪನಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಹೊಸ ಕಾರಿಗೆ ವರ್ಷಗಟ್ಟಲೆ ಸರದಿ, ಆಮದಿಗೆ ನಿರ್ಬಂಧ. ಇದ್ದುದನ್ನೇ ಉಳಿಸಿಕೊಳ್ಳಬೇಕಾದ ಕಾಲವದು. ಭಟ್ಕಳದವರಿಗೆ ಮಂಗಳೂರು, ಕುಮಟಾದವರಿಗೆ ಹುಬ್ಬಳ್ಳಿ, ಇವೇ ಬಿಡಿಭಾಗದ ದೊಡ್ಡ ಪೇಟೆ. ಎರಡೂ ನೂರು ಕಿಲೋಮೀಟರಿಗಿಂತ ದೂರ. ಅಲ್ಲಿಂದ ಹೊಸ ಡಬ್ಬಿ ತರಿಸುವುದಕ್ಕಿಂತ ಗುಜರಿಯಿಂದ ತಗಡು ತಂದು ಕಟ್ಟುವುದೇ ಅಗ್ಗ, ಬೇಗ. ಈ ಕಸುಬಿನ ಉತ್ತಮ ವಿಧಾನಗಳೆಲ್ಲ ರೂಢಿಯಾದದ್ದು ಈ ಅವಧಿಯಲ್ಲಿ.

ಆ ವಿಧಾನಗಳನ್ನು ವಿವರವಾಗಿಯೇ ಹೇಳಬೇಕು. ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ ಮೊದಲು ಮಾಡುವುದು ತಟ್ಟಿ ನೋಡುವ ಕೆಲಸ. ಸಣ್ಣ ಸುತ್ತಿಗೆಯಿಂದ ಪೈಪಿನ ಉದ್ದಕ್ಕೂ ಬಡಿಯುತ್ತ ಹೋದರೆ ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ಕೊಳೆತದ್ದು ಡಬ್ ಎಂದು ಸತ್ತ ಸದ್ದು ಕೊಡುತ್ತದೆ. ತೂತಿನ ಅಂಚಿಗೇ ತೇಪೆ ಬೆಸೆದರೆ ಅದು ಮುಂದಿನ ಮಳೆಗಾಲ ಕಾಣುವುದಿಲ್ಲ, ಏಕೆಂದರೆ ಅಂಚಿನ ಲೋಹ ಕಾಗದದಂತಾಗಿರುತ್ತದೆ. ಬಲ್ಲವರು ಟಣ್ ಎಂಬ ಸದ್ದು ಸಿಗುವವರೆಗೆ ಹಿಂದೆ ಸರಿದು, ಅದರಾಚೆ ಇನ್ನೂ ಎರಡು ಬೆರಳು ಬಿಟ್ಟು ಕೊಯ್ಯುತ್ತಾರೆ. ಇಡೀ ಕೆಲಸದ ಯಶಸ್ಸು ಎಲ್ಲಿ ಕೊಯ್ಯಬೇಕೆಂಬ ಈ ತೀರ್ಮಾನದ ಮೇಲೆ ನಿಂತಿದೆ. ಬೆಸುಗೆಯ ಅಂದ ಆಮೇಲಿನ ಮಾತು.

ನಟ್ಟು ಬಿಚ್ಚುವುದು ಅದಕ್ಕಿಂತ ಕಠಿಣ. ಮ್ಯಾನಿಫೋಲ್ಡಿನ ಸ್ಟಡ್ಡುಗಳು ವರ್ಷಗಳ ಬಿಸಿಗೆ ಹಿಡಿದುಕೊಂಡಿರುತ್ತವೆ. ಬಲ ಹಾಕಿದರೆ ತುಂಡಾಗಿ ಅರ್ಧ ಒಳಗೇ ಉಳಿಯುತ್ತದೆ, ಆಮೇಲೆ ಡ್ರಿಲ್ ಹಾಕಿ ಹೊಸ ಮರೆ (ಥ್ರೆಡ್) ಕೊರೆಯಬೇಕು. ಹಿಂದಿನ ರಾತ್ರಿಯೇ ಸೀಮೆಎಣ್ಣೆ ಬಿಟ್ಟು ನೆನೆಸುವುದು, ನಟ್ಟನ್ನು ಜ್ವಾಲೆಯಿಂದ ಕೆಂಪಗೆ ಕಾಯಿಸಿ ಹಿಗ್ಗಿಸುವುದು, ಕೊಂಚ ಆರಿದಾಗ ಮೇಣದಬತ್ತಿ ಒತ್ತಿ ಕರಗಿದ ಮೇಣವನ್ನು ಮರೆಯೊಳಗೆ ಇಳಿಸುವುದು, ಹೀಗೆ ತಾಳ್ಮೆಯ ಉಪಾಯಗಳಿವೆ. ಮತ್ತೆ ಕೂರಿಸುವಾಗ ಹಿತ್ತಾಳೆಯ ನಟ್ಟು ಹಾಕುವ ಹಳೆಯ ಪದ್ಧತಿ ಬಹಳ ವಿವೇಕದ್ದು: ಹಿತ್ತಾಳೆ ಉಕ್ಕಿಗೆ ತುಕ್ಕಿನಿಂದ ಕಚ್ಚಿಕೊಳ್ಳುವುದಿಲ್ಲ.

ಕೊಯ್ದ ಜಾಗಕ್ಕೆ ಒಳಗಿನಿಂದ ಅಥವಾ ಹೊರಗಿನಿಂದ ಸರಿಯಾಗಿ ಕೂರುವ ಅಳತೆಯ ಪೈಪು ತೊಡಿಸಿ ಸುತ್ತಲೂ ಬೆಸೆಯಲಾಗುತ್ತದೆ. ಬಾಗಿಸಬೇಕಾದಲ್ಲಿ ಪೈಪಿನೊಳಗೆ ಒಣ ಮರಳನ್ನು ಗಟ್ಟಿಯಾಗಿ ತುಂಬಿ ಎರಡೂ ಬಾಯಿ ಮುಚ್ಚಿ ಕಾಯಿಸಿ ಬಾಗಿಸುತ್ತಾರೆ, ಮರಳು ಪೈಪನ್ನು ಚಪ್ಪಟೆಯಾಗಲು ಬಿಡುವುದಿಲ್ಲ. ನೀರಿನ ನಲ್ಲಿಯ ಸತುವು ಲೇಪಿಸಿದ ಪೈಪು ಕೈಗೆ ಸುಲಭವಾಗಿ ಸಿಕ್ಕರೂ ಅದನ್ನು ಬೆಸೆಯುವಾಗ ಏಳುವ ಬಿಳಿ ಹೊಗೆ ವೆಲ್ಡರನಿಗೆ ಚಳಿಜ್ವರ ತರಿಸುತ್ತದೆ. ಡಬ್ಬಿಯಾದರೆ ಅಂಚಿನ ಮಡಿಕೆಯಲ್ಲಿ ಕೊಯ್ದು ತೆರೆದು, ಒಳಗಿನ ತೂತಿನ ಕೊಳವೆ ಮತ್ತು ಅಡ್ಡ ತಗಡುಗಳನ್ನು ಸರಿಪಡಿಸಿ, ಹೊಸ ಹೊದಿಕೆ ಸುತ್ತಿ ಮುಚ್ಚುತ್ತಾರೆ. ಒಳಗಿನ ಅಡ್ಡ ತಗಡನ್ನು ಕಿತ್ತೆಸೆದು ಬರೀ ಹೊರಕವಚ ಬೆಸೆದು ಕೊಡುವ ಕೆಲಸಗಳ್ಳತನವೂ ಉಂಟು. ಅಂಥ ಕಾರು ಘಟ್ಟದ ತಿರುವಿನಲ್ಲಿ ಬರುವ ಮೊದಲೇ ಊರಿಗೆಲ್ಲ ಗೊತ್ತಾಗುತ್ತದೆ.

ದಾರಿಯಲ್ಲಿ ಪೈಪು ಒಡೆದವರಿಗೆ ತಾತ್ಕಾಲಿಕ ಪರಿಹಾರವೆಂದರೆ ಹಾಲಿನ ಪುಡಿಯ ಡಬ್ಬದ ತಗಡನ್ನು ಸುತ್ತಿ, ಕೆಳಗೆ ಕಲ್ನಾರಿನ ಹಗ್ಗ ಇಟ್ಟು, ಕ್ಲಾಂಪಿನಿಂದಲೋ ತಂತಿಯಿಂದಲೋ ಬಿಗಿಯುವುದು. ಕಲ್ನಾರು ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಈಗ ಆ ಜಾಗಕ್ಕೆ ಗಾಜಿನ ನಾರಿನ ಪಟ್ಟಿ ಬಂದಿದೆ. ಸೋರುವ ಸೈಲೆನ್ಸರನ್ನು ಸದ್ದಿನ ಕಿರಿಕಿರಿ ಎಂದಷ್ಟೇ ತಿಳಿಯಬಾರದು. ಮಳೆಗಾಲದಲ್ಲಿ ಗಾಜು ಏರಿಸಿ ಓಡಿಸುವಾಗ ನೆಲದ ರಂಧ್ರಗಳಿಂದ ಕಾರ್ಬನ್ ಮಾನಾಕ್ಸೈಡ್ ಒಳಬರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರಿನಿಂದ ಆರಂಭವಾಗಿ ಜೀವವನ್ನೇ ತೆಗೆಯುತ್ತದೆ.

ಸ್ಪೋರ್ಟ್ಸ್ ಕಾರು ಎಂಬ ಮಾತಿಗೆ ಭಾರತದಲ್ಲಿ ಹೊಂದುವ ಕಾರುಗಳು ಅಂದಿಗೆ ಅತಿ ವಿರಳ. ಹತ್ತಿರದ ನಂಟು ಹೆರಾಲ್ಡಿನದು. 1961ರಲ್ಲಿ ಮದರಾಸಿನಲ್ಲಿ ತಯಾರಿ ಶುರುವಾದ ಈ ಕಾರು ಬ್ರಿಟನ್ನಿನ ಟ್ರಯಂಫ್ ಹೆರಾಲ್ಡಿನದೇ ರೂಪ. ಅದೇ ಚಾಸಿಯನ್ನು ಗಿಡ್ಡ ಮಾಡಿ ಬ್ರಿಟನ್ನಿನಲ್ಲಿ ಕಟ್ಟಿದ್ದು ಸ್ಪಿಟ್‌ಫೈರ್ ಎಂಬ ಎರಡು ಆಸನದ ಸ್ಪೋರ್ಟ್ಸ್ ಕಾರು. ಪ್ರತ್ಯೇಕ ಚಾಸಿ ಇರುವ ಕಾರಿನಲ್ಲಿ ಪೈಪು ಹಾದುಹೋಗುವ ದಾರಿ ಕಣ್ಣಿಗೆ, ಕೈಗೆ ಎಟುಕುತ್ತದೆ. ಕೆಳಗೆ ತಗ್ಗಾಗಿ ಇರುವುದರಿಂದ ರಸ್ತೆಯ ಉಬ್ಬಿಗೆ ತಾಗಿ ಜಜ್ಜಿಹೋಗುವುದೂ ಬೇಗ, ಬಳಿದ ಬಣ್ಣ ಕೆರೆದುಹೋದ ಆ ಜಾಗವೇ ತುಕ್ಕಿನ ಬಾಗಿಲು. 1990ರ ದಶಕದ ಕೊನೆಯಲ್ಲಿ ಬಂದ ಸ್ಯಾನ್ ಸ್ಟಾರ್ಮ್ ಭಾರತದಲ್ಲೇ ಕಟ್ಟಿದ ಎರಡು ಆಸನದ ತೆರೆದ ಕಾರು, ರೆನೋ ಇಂಜಿನ್, ಫೈಬರಿನ ಮೈ. ಇಂಥ ಕಾರಿನ ಮೈಗೆ ತುಕ್ಕಿನ ಭಯವಿಲ್ಲದಿದ್ದರೂ ಸೈಲೆನ್ಸರ್ ಉಳಿದ ಕಾರುಗಳಂತೆ ಉಕ್ಕಿನದೇ. ಭಟ್ಕಳದ ನವಾಯತ ಕುಟುಂಬಗಳಿಗೆ ದುಬೈ ಮೊದಲಾದ ಕೊಲ್ಲಿ ನಗರಗಳ ನಂಟು ಗಾಢವಾಗಿದ್ದರೂ ಅಲ್ಲಿನ ವೇಗದ ಕಾರುಗಳು ಹಾಗೆಯೇ ಊರಿಗೆ ಬರುವಂತಿಲ್ಲ. ಕೊಲ್ಲಿಯ ಕಾರಿಗೆ ಸ್ಟಿಯರಿಂಗ್ ಎಡಕ್ಕೆ, ಭಾರತದ ಆಮದು ನಿಯಮ ಕೇಳುವುದು ಬಲಗೈ ಚಾಲನೆಯ ವಾಹನವನ್ನು.

ಸದ್ದಿನ ಸೊಗಸಿಗೆ ಈ ನಾಡು ನೆನೆಯುವುದು ಕಾರಿಗಿಂತ ಹೆಚ್ಚಾಗಿ ಬೈಕನ್ನು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳಿಗೆ ಎರಡು ಬದಿಗೆ ಎರಡು ಸೈಲೆನ್ಸರ್. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಎಣ್ಣೆಯೂ ಉರಿಯುವುದರಿಂದ ಒಳಗೆ ಜಿಡ್ಡು ಮಸಿ ಕಟ್ಟಿ ಉಸಿರುಗಟ್ಟುತ್ತದೆ. ಕೊಳವೆಯನ್ನು ಬಿಚ್ಚಿ ಬೆಂಕಿಗೆ ಹಾಕಿ ಮಸಿ ಸುಡುವುದು, ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆಸುವುದು ಆ ಬೈಕಿನೊಡನೆ ಬಂದ ಕೆಲಸ. ಎಣ್ಣೆಯ ಜಿಡ್ಡು ಒಳಗೋಡೆಯನ್ನು ಕಾಯುವುದರಿಂದ ಇಲ್ಲಿ ತುಕ್ಕು ಒಳಗಿಗಿಂತ ಹೊರಗೆ, ಕ್ರೋಮ್ ಸುಲಿದಲ್ಲಿ ಹೆಚ್ಚು.

ವೆಲ್ಡಿಂಗ್ ಅಂಗಡಿಗಳನ್ನು ಮಳೆಗಾಲದಲ್ಲಿ ಸಾಕಿದ್ದು ಕಾರುಗಳಲ್ಲ, ದೋಣಿಗಳು. ತದಡಿ, ಹೊನ್ನಾವರ, ಭಟ್ಕಳದ ಬಂದರುಗಳ ಯಾಂತ್ರಿಕ ದೋಣಿಗಳಲ್ಲಿ ಲಾರಿಯ ಇಂಜಿನ್ನನ್ನೇ ಕಡಲಿಗೆ ಹೊಂದಿಸಿ ಕೂರಿಸುವ ರೂಢಿಯಿದೆ. ಜೂನ್ 1ರಿಂದ ಜುಲೈ 31ರವರೆಗೆ ಆಳಕಡಲ ಮೀನುಗಾರಿಕೆಗೆ ನಿಷೇಧವಿರುವುದರಿಂದ ದೋಣಿಗಳ ದುರಸ್ತಿ ಆ ಎರಡು ತಿಂಗಳಲ್ಲಿ ನಡೆಯುತ್ತದೆ. ದೋಣಿಯ ಹೊಗೆಪೈಪು ಉಪ್ಪಿನಲ್ಲೇ ಬಾಳುವ ಕಬ್ಬಿಣ. ಅದಕ್ಕೆ ದಪ್ಪ ಪೈಪು ಹಾಕಿ, ಮೇಲೆ ಬಿಸಿ ತಡೆಯುವ ಪಟ್ಟಿ ಸುತ್ತಿದರೂ ಪಟ್ಟಿಯ ಅಡಿಯಲ್ಲೇ ತೇವ ಕೂತು ಲೋಹ ಕರಗುತ್ತದೆ. ಕಾರಿನ ಪೈಪಿಗೆ ಶೋಕಿಗೆಂದು ಪಟ್ಟಿ ಸುತ್ತುವವರು ಈ ದೋಣಿಗಳಿಂದ ಕಲಿಯಬೇಕಾದದ್ದಿದೆ: ಕರಾವಳಿಯಲ್ಲಿ ಹಾಗೆ ಸುತ್ತಿದ ಸಾದಾ ಉಕ್ಕು ಬೇಗ ಕೊಳೆಯುತ್ತದೆ.

1983ರ ಕೊನೆಗೆ ಮಾರುತಿ ಬಂದ ಮೇಲೆ ಸಿದ್ಧ ಸೈಲೆನ್ಸರಿನ ಯುಗ ಶುರುವಾಯಿತು. ಕಾರಿನ ಸಂಖ್ಯೆ ಏರಿದಂತೆ ಪೆಟ್ಟಿಗೆಯಲ್ಲಿ ಬರುವ ಡಬ್ಬಿ ಅಗ್ಗವಾಯಿತು, ಕೊಯ್ದು ಕಟ್ಟುವ ಶ್ರಮಕ್ಕೆ ಬೆಲೆ ಕುಸಿಯಿತು. ಇಂಧನವೂ ಬದಲಾಯಿತು. ಸೀಸ ಬೆರೆಸಿದ ಪೆಟ್ರೋಲಿನಲ್ಲಿ ಆ ಸೀಸವನ್ನು ಹೊರದೂಡಲು ಕ್ಲೋರಿನ್, ಬ್ರೋಮಿನ್ ಸಂಯುಕ್ತಗಳನ್ನು ಸೇರಿಸುತ್ತಿದ್ದರು. ಅವು ಉರಿದು ತೀಕ್ಷ್ಣ ಆಮ್ಲಗಳಾಗಿ ಸೈಲೆನ್ಸರನ್ನು ತಿನ್ನುತ್ತಿದ್ದವು. 2000ದ ಫೆಬ್ರವರಿಯಿಂದ ದೇಶದೆಲ್ಲೆಡೆ ಸೀಸರಹಿತ ಪೆಟ್ರೋಲ್ ಬಂದಾಗ ಆ ಕಾಟ ತಪ್ಪಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಇಂಧನದಲ್ಲಿ ಗಂಧಕ ಹತ್ತು ಲಕ್ಷ ಪಾಲಿಗೆ 10 ಪಾಲಿಗಿಳಿದಿದೆ. ಲೋಹದಲ್ಲೂ ಸಾದಾ ಉಕ್ಕಿನ ಜಾಗಕ್ಕೆ ಅಲ್ಯೂಮಿನಿಯಂ ಲೇಪಿಸಿದ ಉಕ್ಕು, ಶೇ. 11ರಷ್ಟು ಕ್ರೋಮಿಯಂ ಇರುವ 409 ಸ್ಟೇನ್‌ಲೆಸ್, ಶೇ. 18 ಕ್ರೋಮಿಯಂ ಮತ್ತು ಶೇ. 8 ನಿಕ್ಕಲ್ ಇರುವ 304 ಬಂದವು. 304 ದುಬಾರಿ, ಆದರೆ ಕಡಲಂಚಿಗೆ ಅದೇ ತಕ್ಕದ್ದು. ಅದನ್ನು ಸಾದಾ ಉಕ್ಕಿನ ರಾಡಿನಿಂದ ಬೆಸೆದರೆ ಜೋಡಣೆಯಲ್ಲೇ ತುಕ್ಕು ಎದ್ದು ಹಾಕಿದ ಹಣವೆಲ್ಲ ವ್ಯರ್ಥ. ಆರ್ಗಾನ್ ಅನಿಲದ ಮರೆಯಲ್ಲಿ, ಅದೇ ಜಾತಿಯ ತಂತಿ ಹಾಕಿ ಬೆಸೆಯಬೇಕು.

ಹಳೆಯ ಕಾರಿಗೆ ಇಂದು ಮೂರು ದಾರಿಗಳಿವೆ. ತೂತು ಒಂದೆರಡಾಗಿದ್ದು ಉಳಿದದ್ದು ಗಟ್ಟಿಯಿದ್ದರೆ ಕೊಯ್ದು ಕೂಡಿಸುವುದು ಸಾಕು. ಮೂಲ ಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಪೇಟೆಯಲ್ಲಿ ಸಿಕ್ಕರೆ ಬದಲಿಸುವುದು ಒಳ್ಳೆಯದು. ಅದೂ ಇಲ್ಲದಾಗ ಹಳೆಯದನ್ನೇ ಮಾದರಿಯಾಗಿಟ್ಟು ಹೊಸದು ಕಟ್ಟಿಸಬೇಕು. ಆದ್ದರಿಂದ ಬಿಚ್ಚಿದ ಕೊಳೆತ ಪೈಪನ್ನು ಕೆಲಸ ಮುಗಿಯುವವರೆಗೆ ಗುಜರಿಗೆ ಕೊಡಬಾರದು. ಪೈಪಿನ ವ್ಯಾಸ, ಬಾಗಿನ ಕೋನ, ಡಬ್ಬಿಯ ಗಾತ್ರ ಅದರಿಂದಲೇ ಸಿಗುತ್ತವೆ. ದಪ್ಪ ಪೈಪು ಹಾಕಿದಷ್ಟೂ ವೇಗ ಹೆಚ್ಚುತ್ತದೆಂಬುದು ಹುಸಿ ನಂಬಿಕೆ. ಇಂಜಿನ್ನಿನ ಅಳತೆಗೆ ಮೀರಿದ ಪೈಪಿನಲ್ಲಿ ಹೊಗೆಯ ಓಟ ನಿಧಾನವಾಗಿ ಕೆಳವೇಗದ ಎಳೆತ ಕುಗ್ಗುತ್ತದೆ.

ಕಾನೂನಿನ ಮಾತೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮ ಪ್ರತಿ ವಾಹನಕ್ಕೂ ಸೈಲೆನ್ಸರ್ ಕಡ್ಡಾಯವೆನ್ನುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಯಾರಕರ ವಿವರಕ್ಕೆ ಹೊರತಾದ ಮಾರ್ಪಾಡನ್ನು ತಡೆಯುತ್ತದೆ, 190ನೆಯ ಕಲಂ ಅತಿ ಸದ್ದಿಗೆ 10,000 ರೂಪಾಯಿವರೆಗೆ ದಂಡ ಹೇಳುತ್ತದೆ. ಮೂಲದಂತೆ ಕಟ್ಟಿದ ಸೈಲೆನ್ಸರಿಗೆ ಈ ತೊಡಕಿಲ್ಲ. 15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿ ನವೀಕರಿಸಲು ಹೊನ್ನಾವರದ ಸಾರಿಗೆ ಕಚೇರಿಗೆ, ಅಂದರೆ ಕೆಎ-47 ನೋಂದಣಿ ಸಂಖ್ಯೆಯ ಮನೆಗೆ, ಹೋಗುವ ಮುನ್ನ ಸೋರಿಕೆ ನಿಲ್ಲಿಸಿರಬೇಕು. ಜೋಡಣೆಯಲ್ಲಿ ಹೊರಗಾಳಿ ನುಸುಳಿದರೆ ಹೊಗೆ ಪರೀಕ್ಷೆಯ ಅಂಕಿಗಳೇ ತಪ್ಪುತ್ತವೆ. 50 ವರ್ಷ ದಾಟಿ ಮೂಲರೂಪದಲ್ಲಿರುವ ಕಾರುಗಳಿಗೆ 2021ರ ಜುಲೈಯಿಂದ ವಿಂಟೇಜ್ ನೋಂದಣಿಯ ಬೇರೆ ವ್ಯವಸ್ಥೆಯಿದೆ.

ಬೆಸೆಯುವಾಗ ಬ್ಯಾಟರಿಯ ತಂತಿ ಕಳಚಿ, ಪೆಟ್ರೋಲ್ ಟ್ಯಾಂಕಿನ ಹತ್ತಿರದ ಕೆಲಸವಾದರೆ ಪೈಪನ್ನು ಹೊರಗೆ ಬಿಚ್ಚಿಟ್ಟೇ ಬೆಸೆಯಬೇಕು. ಮತ್ತೆ ಕೂರಿಸುವಾಗ ಕ್ಲಾಂಪುಗಳನ್ನು ಸಡಿಲವಾಗಿಟ್ಟು, ಪೈಪು ಎಲ್ಲಿಯೂ ಚಾಸಿಗೆ ತಾಗದಂತೆ ರಬ್ಬರಿನಲ್ಲಿ ತೂಗುಹಾಕಿ, ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ಬಿಗಿಯುತ್ತಾರೆ. ಇಂಜಿನ್ ಚಾಲೂ ಮಾಡಿ ಪೈಪಿನ ಬಾಯಿಗೆ ಒದ್ದೆ ಬಟ್ಟೆಯ ಉಂಡೆ ಒಂದೆರಡು ಕ್ಷಣ ಒತ್ತಿ, ಜೋಡಣೆಗಳಿಗೆ ಸೋಪಿನ ನೀರು ಸವರಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಆಮೇಲೆ ಒಂದು ಉದ್ದ ಓಟ, ಸಾಧ್ಯವಾದರೆ ಘಟ್ಟದವರೆಗೆ. ಮರಳಿ ಬಂದು ಪೈಪು ಪೂರ್ತಿ ತಣಿದ ಮೇಲೆ ಕ್ಲಾಂಪುಗಳನ್ನೂ ಮ್ಯಾನಿಫೋಲ್ಡಿನ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿದರೆ ಕೆಲಸ ಮುಗಿಯಿತು.